ಟೈರ್ ದೀಪ ಆರುತ್ತಿಲ್ಲ, ಗಾಳಿ ಮಾತ್ರ ಸರಿ ಇದೆಯಂತೆ!

ಪ್ರಶ್ನೆ: ಸರ್, ನನ್ನದು ಏಳು ವರ್ಷದ ಹಳೆಯ ಕಾರು. ಹೋದ ವರ್ಷ ಸೆಕೆಂಡ್ ಹ್ಯಾಂಡ್ ತಗೊಂಡೆ. ಊರು ಚಿಕ್ಕಮಗಳೂರು. ಡಿಸೆಂಬರ್‌ನಲ್ಲಿ ಬೆಳಗ್ಗೆ ಗಾಡಿ ತೆಗೆದಾಗ ಟೈರ್ ಗಾಳಿಯ ಹಳದಿ ದೀಪ ಹತ್ತಿಕೊಳ್ಳುತ್ತಿತ್ತು. ಹತ್ತು ಹದಿನೈದು ಕಿಲೋಮೀಟರ್ ಹೋದ ಮೇಲೆ ತಾನೇ ಆರುತ್ತಿತ್ತು. ಬಂಕ್‌ನಲ್ಲಿ ನಾಲ್ಕೈದು ಸಲ 33 ಗಾಳಿ ಹಾಕಿಸಿದೆ. ಪಂಚರ್ ಅಂಗಡಿಯವರು ನೀರಲ್ಲಿ ಮುಳುಗಿಸಿ ನೋಡಿ ಎಲ್ಲೂ ಲೀಕ್ ಇಲ್ಲ ಅಂದರು. ಫೆಬ್ರವರಿಯಲ್ಲಿ ಮುಂದಿನ ಎರಡು ಟೈರ್ ಹೊಸದು ಹಾಕಿಸಿದೆ. ಅಲ್ಲಿಂದ ದೀಪ ಆರುವುದೇ ಇಲ್ಲ. ಗಾಡಿ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಹೊತ್ತು ಮಿಣುಕುತ್ತದೆ, ಆಮೇಲೆ ಹಾಗೇ ಉರಿಯುತ್ತಿರುತ್ತದೆ. ಸರ್ವಿಸ್ ಸೆಂಟರ್‌ನಲ್ಲಿ ನಾಲ್ಕೂ ಸೆನ್ಸರ್ ಬದಲಿಸಬೇಕು, 18 ಸಾವಿರ ಆಗುತ್ತೆ ಅಂದರು. ಅಮೆರಿಕದಲ್ಲಿರುವ ಅಕ್ಕನ ಮಗ ಅಲ್ಲಿ ಅಗ್ಗ, ತಂದುಕೊಡ್ತೀನಿ ಅಂತಾನೆ. ಭಾವ ದೀಪದ ಮೇಲೆ ಟೇಪ್ ಅಂಟಿಸು ಸಾಕು ಅಂತಾರೆ. ನಾಲ್ಕೂ ಚಕ್ರದ ಫೋಟೋ ಕಳಿಸಿದ್ದೇನೆ. ಮುಂದಿನ ತಿಂಗಳು ಮನೆಯವರೆಲ್ಲ ಧರ್ಮಸ್ಥಳಕ್ಕೆ ಹೋಗಬೇಕು. ಏನು ಮಾಡಲಿ?

ಉತ್ತರ: ಮೊದಲು ನಿಮ್ಮ ಭಾವನ ವಿಷಯ ಮುಗಿಸಿಬಿಡೋಣ. ಟೇಪ್ ಬೇಡ. ನಮ್ಮ ಗ್ಯಾರೇಜಿಗೆ ಒಬ್ಬರು ಬಂದಿದ್ದರು, ಇದೇ ದೀಪದ ಮೇಲೆ ಹೆಂಡತಿಯ ಸ್ಟಿಕ್ಕರ್ ಬೊಟ್ಟು ಅಂಟಿಸಿಕೊಂಡು. ಕೆಂಪು ಬೊಟ್ಟು, ಸುತ್ತ ಹಳದಿ ಬೆಳಕು. ನೋಡೋಕೆ ಚೆನ್ನಾಗೇ ಇತ್ತು. ಅವರು ಬಂದಿದ್ದು ಬ್ರೇಕ್ ಸದ್ದು ಮಾಡುತ್ತದೆ ಅಂತ. ಹಿಂದಿನ ಎಡ ಟೈರ್‌ಗೆ ಗಾಳಿಯ ಒತ್ತಡ ಅಳೆಯುವ ಗೇಜ್ ಹಿಡಿದು ನೋಡಿದರೆ 14 ಪಿಎಸ್‌ಐ. ನೀವು ಬಂಕ್‌ನಲ್ಲಿ 33 ಅನ್ನುತ್ತೀರಲ್ಲ, ಅದೇ ಅಳತೆ. ಟೈರ್ ಬಿಚ್ಚಿದಾಗ ಒಳಗೆ ಕಾಫಿಪುಡಿಯ ಹಾಗೆ ಕಪ್ಪು ಪುಡಿ ಬಿದ್ದಿತ್ತು. ಗಾಳಿ ಇಲ್ಲದೆ ಓಡಿ ಓಡಿ ಟೈರ್‌ನ ಒಳಮೈ ಸವೆದು ಉದುರಿದ್ದು ಅದು. ಹೊರಗಿನಿಂದ ನೋಡಿದರೆ ಟೈರ್ ಹೊಸದರ ಹಾಗೇ ಇತ್ತು. ಇನ್ನೊಂದು ನೂರು ಕಿಲೋಮೀಟರ್ ಹೈವೇಯಲ್ಲಿ ಓಡಿದ್ದರೆ ಸಿಡಿಯುತ್ತಿತ್ತು ಅಂತ ನನ್ನ ಲೆಕ್ಕ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನೀವು ಬರೆದಿದ್ದರಲ್ಲಿ ದೀಪ ಒಂದೇ, ಕಾಯಿಲೆ ಎರಡು. ಡಿಸೆಂಬರ್‌ನದು ಒಂದು, ಫೆಬ್ರವರಿ ಆದ ಮೇಲಿನದು ಇನ್ನೊಂದು. ನೀವು ಎರಡನ್ನೂ ಒಂದೇ ಅಂದುಕೊಂಡಿದ್ದೀರಿ. ಸರ್ವಿಸ್ ಸೆಂಟರ್‌ನವರೂ ಹಾಗೇ ಅಂದುಕೊಂಡರೋ ಏನೋ. ಅದಕ್ಕೇ ಲೆಕ್ಕ 18 ಸಾವಿರಕ್ಕೆ ಹೋಗಿದೆ.

ಈ ದೀಪಕ್ಕೆ ಒಂದು ಭಾಷೆ ಇದೆ. ಕೀ ತಿರುಗಿಸಿದಾಗ ಎಲ್ಲ ದೀಪಗಳ ಜೊತೆ ಇದೂ ಎರಡು ಮೂರು ಸೆಕೆಂಡ್ ಹತ್ತಿ ಆರಿದರೆ ಅದು ಬಲ್ಬ್ ಪರೀಕ್ಷೆ, ಅಷ್ಟೇ. ಮಿಣುಕದೆ ನೇರವಾಗಿ ಹತ್ತಿ ನಿಂತರೆ ಯಾವುದೋ ಟೈರ್‌ನಲ್ಲಿ ಗಾಳಿ ಕಡಿಮೆ ಅಂತ ಅರ್ಥ. ಒಂದು, ಒಂದೂವರೆ ನಿಮಿಷ ಮಿಣುಕಿ ಆಮೇಲೆ ನಿಂತುಕೊಂಡರೆ ಗಾಳಿಯ ಮಾತೇ ಅಲ್ಲ. ಗಾಳಿ ಅಳೆಯುವ ವ್ಯವಸ್ಥೆಯೇ ಕೆಟ್ಟಿದೆ ಅಂತ ಅದು ಹೇಳುತ್ತಿದೆ. ನಿಮಗೆ ಡಿಸೆಂಬರ್‌ನಲ್ಲಿ ಹತ್ತುತ್ತಿದ್ದದ್ದು ಮಿಣುಕದೆ ನಿಲ್ಲುವ ಥರ, ಈಗ ಹತ್ತುತ್ತಿರುವುದು ಮಿಣುಕಿ ನಿಲ್ಲುವ ಥರ. ಮಿಣುಕುವ ದೀಪಕ್ಕೆ ಬಂಕ್‌ನಲ್ಲಿ ಎಷ್ಟು ಗಾಳಿ ತುಂಬಿಸಿದರೂ ಅದು ಆರಲ್ಲ.

ಡಿಸೆಂಬರ್ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಯಾಕೆಂದರೆ ಈ ದೀಪದ ಬಗ್ಗೆ ನನಗೆ ಬರುವ ಹತ್ತು ಫೋನ್‌ಗಳಲ್ಲಿ ಆರೇಳು ಇದೇ ಕಥೆ, ಅದೂ ಚಳಿ ಶುರುವಾದ ವಾರ. ಟೈರ್ ಒಳಗಿನ ಗಾಳಿ ಬಿಸಿಯಾದರೆ ಒತ್ತಡ ಏರುತ್ತದೆ, ತಣ್ಣಗಾದರೆ ಇಳಿಯುತ್ತದೆ. ಹತ್ತು ಡಿಗ್ರಿ ಸೆಲ್ಸಿಯಸ್ ಇಳಿದರೆ ಸುಮಾರು ಒಂದೂವರೆ ಪಿಎಸ್‌ಐ ಹೋಯಿತು ಅಂತ ಲೆಕ್ಕ. ನೀವು ಗಾಳಿ ಹಾಕಿಸಿದ್ದು ಯಾವಾಗ? ಕೆಲಸ ಮುಗಿಸಿ ಬರುವಾಗ ಬಂಕ್‌ನಲ್ಲಿ, ಪೆಟ್ರೋಲ್ ಹಾಕಿಸಿದ ಮೇಲೆ, ಅಲ್ವಾ? ಅಷ್ಟು ಹೊತ್ತಿಗೆ ಗಾಡಿ ಇಪ್ಪತ್ತು ಕಿಲೋಮೀಟರ್ ಓಡಿರುತ್ತದೆ. ಬಿಸಿಲಲ್ಲಿ ರಸ್ತೆ ಕಾದಿರುತ್ತದೆ. ಟೈರ್ ಒಳಗಿನ ಗಾಳಿ 50 ಡಿಗ್ರಿ ಮುಟ್ಟಿರುತ್ತದೆ ಅಂತಿಟ್ಟುಕೊಳ್ಳಿ. ಬಂಕ್ ಹುಡುಗ ಸರಿಯಾಗಿ 33 ಹಾಕಿದ. ಮಾರನೇ ದಿನ ಬೆಳಗ್ಗೆ ಆರಕ್ಕೆ ಚಿಕ್ಕಮಗಳೂರಲ್ಲಿ 14 ಡಿಗ್ರಿ. ಅದೇ ಟೈರ್ ಈಗ 28 ತೋರಿಸುತ್ತದೆ. ಒಂದು ಹನಿ ಗಾಳಿ ಸೋರಿಲ್ಲ, ಆದರೂ ಐದು ಪಿಎಸ್‌ಐ ಮಾಯ.

ಇದರ ಮೇಲೆ, ಎಷ್ಟೇ ಒಳ್ಳೆಯ ಟೈರ್ ಆದರೂ ರಬ್ಬರ್ ಮೂಲಕ ತಿಂಗಳಿಗೆ ಒಂದೆರಡು ಪಿಎಸ್‌ಐ ತಾನಾಗೇ ಹೋಗುತ್ತದೆ. ಮೂರು ವಾರ ಬಿಟ್ಟರೆ 28 ಇದ್ದದ್ದು 26ರ ಹತ್ತಿರ ಬರುತ್ತದೆ. ಕಂಪನಿ ಹೇಳಿದ ಒತ್ತಡಕ್ಕಿಂತ ಸುಮಾರು 20ರಿಂದ 25 ಶೇಕಡಾ ಇಳಿದಾಗ ದೀಪ ಹತ್ತುವ ಹಾಗೆ ಬಹಳಷ್ಟು ಕಾರುಗಳಲ್ಲಿ ಇಟ್ಟಿರುತ್ತಾರೆ. 33ಕ್ಕೆ ಲೆಕ್ಕ ಹಾಕಿದರೆ 26ರಿಂದ 25. ಅಂದರೆ ಬೆಳಗ್ಗೆ ನಿಮ್ಮ ಟೈರ್ ಗೆರೆಯ ಮೇಲೇ ನಿಂತಿರುತ್ತಿತ್ತು. ಗಾಡಿ ಓಡಿದಂತೆ ಟೈರ್ ಬಿಸಿಯಾಗಿ ಮೂರು ನಾಲ್ಕು ಪಿಎಸ್‌ಐ ಏರಿ ಗೆರೆ ದಾಟುತ್ತಿತ್ತು, ದೀಪ ಆರುತ್ತಿತ್ತು. ಪಂಚರ್ ಅಂಗಡಿಯವರು ಲೀಕ್ ಇಲ್ಲ ಅಂದದ್ದು ನಿಜ. ದೀಪ ಹತ್ತಿದ್ದೂ ನಿಜ. ಇಬ್ಬರಲ್ಲಿ ಯಾರೂ ಸುಳ್ಳು ಹೇಳಿಲ್ಲ.

ಹಾಗಾದರೆ ಏನು ಮಾಡಬೇಕು? ಬೆಳಗ್ಗೆ, ಗಾಡಿ ತೆಗೆಯುವ ಮೊದಲು, ಟೈರ್ ತಣ್ಣಗಿದ್ದಾಗ ಅಳೆಯಬೇಕು. ಕನಿಷ್ಠ ಮೂರು ಗಂಟೆ ನಿಂತ ಗಾಡಿ ಆಗಬೇಕು. ಮನೆಯಿಂದ ಒಂದೆರಡು ಕಿಲೋಮೀಟರ್ ಒಳಗೆ ಬಂಕ್ ಇದ್ದರೆ ನಿಧಾನವಾಗಿ ಹೋಗಿ ಹಾಕಿಸಿಕೊಂಡು ಬನ್ನಿ, ಪರವಾಗಿಲ್ಲ. ದೂರ ಇದ್ದರೆ ಗಾಡಿಯ 12 ವೋಲ್ಟ್ ಸಾಕೆಟ್‌ಗೆ ಸಿಕ್ಕಿಸುವ ಸಣ್ಣ ಪಂಪ್ ಒಂದು ಇಟ್ಟುಕೊಳ್ಳಿ. ಅದರ ಸದ್ದಿಗೆ ಪಕ್ಕದ ಮನೆಯವರು ಎದ್ದು ಬಂದು ನೋಡುತ್ತಾರೆ, ಆ ಒಂದು ತೊಂದರೆ ಬಿಟ್ಟರೆ ಒಳ್ಳೆಯ ವಸ್ತು. ಬಿಸಿ ಟೈರ್‌ಗೇ ಹಾಕಿಸುವ ಪರಿಸ್ಥಿತಿ ಬಂದರೆ ಮೂರು ನಾಲ್ಕು ಜಾಸ್ತಿ ಹಾಕಿಸಿ, ಮಾರನೇ ಬೆಳಗ್ಗೆ ಅಳೆದು ಹೆಚ್ಚಾಗಿದ್ದರೆ ಬಿಡಿ. ಬಿಸಿ ಟೈರ್ ಅಳೆದು 37 ಇದೆ ಅಂತ ಗಾಳಿ ಬಿಡೋದು ಮಾತ್ರ ಬೇಡವೇ ಬೇಡ.

33 ಅನ್ನೋ ಸಂಖ್ಯೆ ನಿಮಗೆ ಎಲ್ಲಿಂದ ಸಿಕ್ಕಿತು ಅಂತಲೂ ಒಮ್ಮೆ ನೋಡಿಕೊಳ್ಳಿ. ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಒಂದು ಸ್ಟಿಕ್ಕರ್ ಇರುತ್ತದೆ. ಕೆಲವು ಗಾಡಿಗಳಲ್ಲಿ ಪೆಟ್ರೋಲ್ ಮುಚ್ಚಳದ ಒಳಗಡೆ. ಮುಂದೆ ಎಷ್ಟು, ಹಿಂದೆ ಎಷ್ಟು, ಇಬ್ಬರಿದ್ದಾಗ ಎಷ್ಟು, ಗಾಡಿ ತುಂಬಿದಾಗ ಎಷ್ಟು ಅಂತ ಅದರಲ್ಲಿ ಬರೆದಿರುತ್ತದೆ. ಟೈರ್‌ನ ಮೈ ಮೇಲೆ ಅಚ್ಚಾಗಿರುವ 44 ಅಥವಾ 51 ಆ ಟೈರ್ ತಡೆಯುವ ಗರಿಷ್ಠ ಒತ್ತಡ. ನಿಮ್ಮ ಗಾಡಿಗೆ ಹಾಕಬೇಕಾದ್ದಲ್ಲ. ಒಂದು ಗೇಜ್ ಕೊಳ್ಳಿ. ಬಂಕ್‌ನ ಮೀಟರ್‌ಗಳು ದಿನವಿಡೀ ನೆಲಕ್ಕೆ ಬಿದ್ದು ಎದ್ದು ಎರಡು ಮೂರು ಪಿಎಸ್‌ಐ ಆಚೀಚೆ ಆಗಿರುತ್ತವೆ. ನಿಮ್ಮ ಗೇಜ್ ಒಂದು ಪಿಎಸ್‌ಐ ತಪ್ಪಿದ್ದರೂ ಪ್ರತಿ ಸಲ ಅದೇ ಒಂದು ತಪ್ಪುತ್ತದೆ, ಲೆಕ್ಕ ಹಿಡಿಯಬಹುದು.

ನೈಟ್ರೋಜನ್ ಹಾಕಿಸಿದರೆ ಚಳಿಗೆ ಇಳಿಯಲ್ವಂತೆ ಅಂತ ಕೇಳುವವರಿದ್ದಾರೆ. ಇಳಿಯುತ್ತದೆ. ಸುಮ್ನೆ ಬಿಟ್ಟಿ ಸಿಗುವ ಗಾಳಿಯಲ್ಲೇ 78 ಶೇಕಡಾ ನೈಟ್ರೋಜನ್ ಇದೆ. ಚಳಿಗೆ ಎರಡೂ ಒಂದೇ ಥರ ಕುಗ್ಗುತ್ತವೆ. ರಬ್ಬರ್ ಮೂಲಕ ಸೋರುವುದು ಸ್ವಲ್ಪ ನಿಧಾನ ಆಗಬಹುದು, ಅಷ್ಟೇ ಲಾಭ.

ಇದಕ್ಕಿಂತ ಅಪಾಯದ ಮಾತು ಇನ್ನೊಂದು: ಬೇಸಿಗೆಯಲ್ಲಿ ಟೈರ್ ಸಿಡಿಯುತ್ತೆ, ಗಾಳಿ ಕಡಿಮೆ ಇಡು. ಹಳಬರು ಹೇಳುತ್ತಾರೆ, ಬಂಕ್ ಹುಡುಗರೂ ಹೇಳುತ್ತಾರೆ. ಇದು ತಲೆಕೆಳಗು. ಗಾಳಿ ಕಡಿಮೆ ಇದ್ದಾಗಲೇ ಟೈರ್‌ನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಜಾಸ್ತಿ ಮಡಚಿಕೊಳ್ಳುತ್ತದೆ. ತಂತಿಯನ್ನು ಹಿಂದಕ್ಕೆ ಮುಂದಕ್ಕೆ ಬಗ್ಗಿಸಿದರೆ ಕೈಗೆ ಬಿಸಿ ತಾಗುತ್ತದಲ್ಲ, ಹಾಗೆ. 100ರ ವೇಗದಲ್ಲಿ ಒಂದು ಗಂಟೆ ಓಡಿದರೆ ಆ ಬಿಸಿಗೆ ರಬ್ಬರ್ ಮತ್ತು ಒಳಗಿನ ಪದರಗಳು ಬಿಟ್ಟುಕೊಳ್ಳಬಹುದು. ಈ ದೀಪ ಹುಟ್ಟಿಕೊಂಡದ್ದರ ಹಿಂದೆಯೂ ಇದೇ ಕಥೆ ಇದೆ. 2000ದಲ್ಲಿ ಅಮೆರಿಕದಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳ ಫೈರ್‌ಸ್ಟೋನ್ ಟೈರ್‌ಗಳು ಪದರ ಬಿಟ್ಟು, ಗಾಡಿಗಳು ಪಲ್ಟಿಯಾಗಿ ತುಂಬಾ ಜನ ಸತ್ತರು. 65 ಲಕ್ಷದಷ್ಟು ಟೈರ್ ವಾಪಸ್ ಕರೆಸಿಕೊಂಡರು. ಟೈರ್‌ನ ದೋಷದ ಜೊತೆ ಕಡಿಮೆ ಗಾಳಿಯ ಪ್ರಶ್ನೆಯೂ ಆಗ ದೊಡ್ಡದಾಗಿ ಎದ್ದಿತು. ಅದೇ ವರ್ಷ ಕಾನೂನು ಮಾಡಿ, 2007ರ ಸೆಪ್ಟೆಂಬರ್‌ನಿಂದ ಅಲ್ಲಿ ಎಲ್ಲ ಹೊಸ ಕಾರುಗಳಿಗೂ ಈ ವ್ಯವಸ್ಥೆ ಕಡ್ಡಾಯ ಮಾಡಿದರು. 25 ಶೇಕಡಾ ಅನ್ನೋ ಗೆರೆ ಆ ನಿಯಮದ್ದೇ.

ಈಗ ಫೆಬ್ರವರಿ. ಮಿಣುಕು ಶುರುವಾದದ್ದು ಹೊಸ ಟೈರ್ ಹಾಕಿಸಿದ ದಿನದಿಂದ. ಅದನ್ನು ನೀವೇ ಬರೆದಿದ್ದೀರಿ, ಆದರೆ ದಾಟಿಕೊಂಡು ಹೋಗಿದ್ದೀರಿ. ನೀವು ಕಳಿಸಿದ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದೆ. ಹಿಂದಿನ ಎರಡೂ ಚಕ್ರದಲ್ಲಿ ಮತ್ತು ಮುಂದಿನ ಬಲ ಚಕ್ರದಲ್ಲಿ ಗಾಳಿ ಹಾಕುವ ವಾಲ್ವ್ ಬೂದು ಬಣ್ಣದ ಲೋಹದ್ದು. ಬುಡದಲ್ಲಿ ಒಂದು ನಟ್ ಕಾಣುತ್ತದೆ. ಮುಂದಿನ ಎಡ ಚಕ್ರದಲ್ಲಿ ಮಾತ್ರ ತೆಳ್ಳಗಿನ ಕಪ್ಪು ರಬ್ಬರ್ ವಾಲ್ವ್, ಹೊಚ್ಚ ಹೊಸದು. ನೀವು ಗಮನಿಸಿರಲಿಕ್ಕಿಲ್ಲ. ಯಾರು ತಾನೇ ಗಮನಿಸುತ್ತಾರೆ, ಮುಚ್ಚಳ ಹಾಕಿದರೆ ಎಲ್ಲ ಒಂದೇ ಥರ.

ಆ ಲೋಹದ ವಾಲ್ವ್‌ನ ಇನ್ನೊಂದು ತುದಿ ಟೈರ್ ಒಳಗಿದೆ. ಅದರ ಬಾಲಕ್ಕೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಸಣ್ಣ ಪ್ಲಾಸ್ಟಿಕ್ ಡಬ್ಬಿ ಅಂಟಿಕೊಂಡಿರುತ್ತದೆ. ಅದೇ ಸೆನ್ಸರ್. ಒಳಗೆ ಒತ್ತಡ ಅಳೆಯುವ ಚಿಪ್, ಸಣ್ಣ ರೇಡಿಯೋ, ಒಂದು ಲಿಥಿಯಂ ಸೆಲ್. ಪ್ರತಿ ಸೆನ್ಸರ್‌ಗೂ ಒಂದು ನಂಬರ್. ನಿಮ್ಮ ಕಾರಿನ ಕಂಪ್ಯೂಟರ್ ಆ ನಾಲ್ಕು ನಂಬರ್‌ಗಳಿಂದ ಸುದ್ದಿ ಬರುತ್ತದಾ ಅಂತ ಕಿವಿ ಕೊಟ್ಟು ಕೂತಿರುತ್ತದೆ. ಮೂರು ಮಾತಾಡಿ ಒಂದು ಸುಮ್ಮನಿದ್ದರೆ ದೀಪ ಮಿಣುಕಿಸುತ್ತದೆ. ಆಮೇಲೆ ಉರಿಸಿಯೇ ಇಡುತ್ತದೆ. ಇದರಲ್ಲಿ ಒಂದು ಕಷ್ಟ ಇದೆ. ದೀಪ ಆಗಲೇ ಉರಿಯುತ್ತಿದ್ದರೆ, ಉಳಿದ ಮೂರರಲ್ಲಿ ಒಂದಕ್ಕೆ ಮೊಳೆ ಹೊಕ್ಕಾಗ ಅದು ಇನ್ನೇನು ಹತ್ತಬೇಕು? ನಿಮ್ಮದರ ಹಾಗೆ ಬರೀ ದೀಪ ಇರುವ, ಪರದೆಯಲ್ಲಿ ಸಂಖ್ಯೆ ತೋರಿಸದ ಗಾಡಿಯಲ್ಲಿ ನಿಮಗೆ ಗೊತ್ತೇ ಆಗಲ್ಲ.

ಎಡ ಚಕ್ರದಲ್ಲಿ ಏನಾಗಿರಬಹುದು? ಟೈರ್ ಬಿಚ್ಚುವ ಮಷಿನ್ ನೋಡಿದ್ದೀರಲ್ಲ. ರಿಮ್‌ನಿಂದ ಟೈರ್ ಬಿಡಿಸಲು ಪಕ್ಕದಿಂದ ಒಂದು ದೊಡ್ಡ ಅಲಗು ಒತ್ತುತ್ತದೆ. ಆ ಅಲಗು ವಾಲ್ವ್ ಇರುವ ಕಡೆಗೇ ಬಿದ್ದರೆ ಒಳಗಿನ ಡಬ್ಬಿ ಪುಡಿ. ಇದನ್ನು ನಾನು ಬೇರೆಯವರ ಮೇಲೆ ಹೇಳುತ್ತಿಲ್ಲ. ನಮ್ಮ ಗ್ಯಾರೇಜಲ್ಲೇ ಆಗಿದೆ. ಹೊಸದಾಗಿ ಸೇರಿದ ಹುಡುಗ, ಮಧ್ಯಾಹ್ನದ ಅವಸರ, ನಾನು ಪಕ್ಕದಲ್ಲೇ ನಿಂತು ಫೋನಲ್ಲಿ ಮಾತಾಡುತ್ತಿದ್ದೆ. ಕಡಲೆಕಾಯಿ ಸಿಪ್ಪೆ ಒಡೆದ ಹಾಗೆ ಚಿಟ್ ಅಂತ ಸದ್ದು. ಅವನು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಗಿರಾಕಿಗೆ ಹೊಸ ಸೆನ್ಸರ್ ನಮ್ಮ ಕೈಯಿಂದ ಹಾಕಿಕೊಟ್ಟೆವು. ಅಂದಿನಿಂದ ನಮ್ಮಲ್ಲಿ ಟೈರ್ ಬಿಚ್ಚುವ ಮೊದಲು ವಾಲ್ವ್ ಇರುವ ಕಡೆ ಸೀಮೆಸುಣ್ಣದಲ್ಲಿ ದೊಡ್ಡ ಗುರುತು ಹಾಕುತ್ತಾರೆ. ಎಲ್ಲ ಅಂಗಡಿಯವರೂ ಹೇಳಿಬಿಡುತ್ತಾರೆ ಅನ್ನೋಕಾಗಲ್ಲ. ಕೆಲವರು ಒಡೆದ ಸೆನ್ಸರ್ ತೆಗೆದು ಮಾಮೂಲಿ ರಬ್ಬರ್ ವಾಲ್ವ್ ಹಾಕಿ ಕಳಿಸುತ್ತಾರೆ. ಇನ್ನು ಕೆಲವರಿಗೆ ಅದು ಸೆನ್ಸರ್ ಅಂತಲೇ ಗೊತ್ತಿರಲ್ಲ. ಹಳೇ ವಾಲ್ವ್ ಹಾಳಾಗಿದೆ ಅಂತ ಒಳ್ಳೇ ಮನಸ್ಸಿನಿಂದಲೇ ಬದಲಿಸಿರುತ್ತಾರೆ.

ರಬ್ಬರ್ ವಾಲ್ವ್ ಕಂಡ ಕೂಡಲೇ ಸೆನ್ಸರ್ ಇಲ್ಲ ಅಂತ ತೀರ್ಮಾನ ಮಾಡಲಾಗದು. ರಬ್ಬರ್ ಬುಡದ ಸೆನ್ಸರ್‌ಗಳೂ ಇವೆ. ಆದರೆ ಮೂರು ಲೋಹದ್ದಾಗಿ ಒಂದು ಮಾತ್ರ ಹೊಸ ರಬ್ಬರ್ ಇದ್ದರೆ ನನ್ನ ಅನುಮಾನ ಅದರ ಮೇಲೇ. ಖಾತ್ರಿ ಮಾಡಿಕೊಳ್ಳಲು ಐದು ನಿಮಿಷ ಸಾಕು. ಈ ಗಾಳಿ ಅಳೆಯುವ ವ್ಯವಸ್ಥೆಗೆ ಇಂಗ್ಲಿಷಿನಲ್ಲಿ ಟಿಪಿಎಂಎಸ್ ಅಂತಾರೆ. ಅದನ್ನು ಪರೀಕ್ಷಿಸಲು ಟಿಪಿಎಂಎಸ್ ಟೂಲ್ ಅಂತ ಟಿವಿ ರಿಮೋಟ್‌ಗಿಂತ ಸ್ವಲ್ಪ ದೊಡ್ಡ ಸಾಧನ ಬರುತ್ತದೆ. ಅದನ್ನು ಒಂದೊಂದೇ ವಾಲ್ವ್ ಹತ್ತಿರ ಹಿಡಿದರೆ ಸೆನ್ಸರ್ ಎಚ್ಚರವಾಗಿ ತನ್ನ ನಂಬರ್, ಒತ್ತಡ, ಸೆಲ್‌ನ ಸ್ಥಿತಿ ಹೇಳುತ್ತದೆ. ನಾಲ್ಕೂ ಸೆನ್ಸರ್ ಬದಲಿಸಿ ಅಂದವರು ಈ ಪರೀಕ್ಷೆ ಮಾಡಿದ್ದಾರಾ ಅಂತ ಕೇಳಿ. ಮಾಡಿದ್ದರೆ ಯಾವ ಚಕ್ರ ಮಾತಾಡಲಿಲ್ಲ ಅಂತ ಅವರ ಹತ್ತಿರ ಇರುತ್ತದೆ. ಮಾಡಿರದಿದ್ದರೆ ಬೇರೆ ಕಡೆ ಹೋಗಿ.

ಟೈರ್ ಹಾಕಿದ ಅಂಗಡಿಗೂ ಒಮ್ಮೆ ಹೋಗಿ, ಜಗಳಕ್ಕಲ್ಲ. ತೆಗೆದ ಹಳೇ ವಾಲ್ವ್ ಇದೆಯಾ ಅಂತ ಕೇಳಿ. ಹಳೇ ಸಾಮಾನಿನ ಡಬ್ಬದಲ್ಲಿ ಸಿಕ್ಕರೂ ಸಿಗಬಹುದು. ಕೆಲವು ಸೆನ್ಸರ್‌ಗಳಲ್ಲಿ ವಾಲ್ವ್ ಬೇರೆ, ಡಬ್ಬಿ ಬೇರೆ, ನಡುವೆ ಒಂದು ಸ್ಕ್ರೂ. ವಾಲ್ವ್ ಮಾತ್ರ ಮುರಿದಿದ್ದರೆ ಅದನ್ನಷ್ಟೇ ಬದಲಿಸಿ ಅದೇ ಸೆನ್ಸರ್ ವಾಪಸ್ ಹಾಕಬಹುದು. ನಂಬರ್ ಕೂಡ ಹಳೆಯದೇ ಆದ್ದರಿಂದ ಕಂಪ್ಯೂಟರ್‌ಗೆ ಮತ್ತೆ ಪರಿಚಯಿಸುವ ಕೆಲಸವೂ ಇರಲ್ಲ. ಸಿಗದಿದ್ದರೆ ಒಂದು ಹೊಸ ಸೆನ್ಸರ್ ಹಾಕಿಸಿ ನಂಬರ್ ಕಲಿಸಬೇಕು. ಕೆಲವು ಗಾಡಿಗಳು ಹತ್ತಿಪ್ಪತ್ತು ನಿಮಿಷ ಓಡಿಸಿದರೆ ತಾವೇ ಕಲಿಯುತ್ತವೆ. ಕೆಲವಕ್ಕೆ ಟೂಲ್ ಸಿಕ್ಕಿಸಿಯೇ ಹೇಳಿಕೊಡಬೇಕು.

ನಾಲ್ಕೂ ಬದಲಿಸುವುದು ಪೂರ್ತಿ ಸುಳ್ಳು ಲೆಕ್ಕ ಅಂತ ನಾನು ಹೇಳಲ್ಲ. ಸೆನ್ಸರ್ ಒಳಗಿನ ಸೆಲ್ ಬದಲಿಸುವಂಥದ್ದಲ್ಲ, ಅಂಟು ತುಂಬಿ ಮುಚ್ಚಿರುತ್ತಾರೆ. ಆಯಸ್ಸು ಐದರಿಂದ ಹತ್ತು ವರ್ಷ. ನಿಮ್ಮದು ಏಳು ವರ್ಷದ ಗಾಡಿ. ಉಳಿದ ಮೂರು ಇನ್ನೆರಡು ಮೂರು ವರ್ಷದಲ್ಲಿ ಒಂದೊಂದಾಗಿ ಹೋಗಬಹುದು. ಆದರೆ ಇವತ್ತು ಬದುಕಿರುವ ಮೂರನ್ನು ಯಾಕೆ ಕಿತ್ತೆಸೆಯಬೇಕು? ನಾನಾಗಿದ್ದರೆ ಈಗ ಒಂದು ಹಾಕಿಸುತ್ತೇನೆ. ಹಿಂದಿನ ಟೈರ್‌ಗಳು ಸವೆದು ಬದಲಿಸುವ ದಿನ ಬಂದಾಗ, ಹೇಗೂ ರಿಮ್ ಬಿಚ್ಚುತ್ತಾರೆ, ಆಗ ಟೂಲ್ ಹಿಡಿದು ಸೆಲ್ ಸೋತಿದ್ದರೆ ಆ ಎರಡು. ಕೂಲಿಯೂ ಉಳಿಯುತ್ತದೆ.

ಅಕ್ಕನ ಮಗನಿಗೆ ಬೇಡ ಅಂತ ಹೇಳಿಬಿಡಿ. ಅಮೆರಿಕದ ಬಹಳಷ್ಟು ಕಾರುಗಳ ಸೆನ್ಸರ್ 315 ಮೆಗಾಹರ್ಟ್ಸ್‌ನಲ್ಲಿ ಮಾತಾಡುತ್ತವೆ. ನಮ್ಮಲ್ಲೂ ಯೂರೋಪಿನಲ್ಲೂ 433 ಮೆಗಾಹರ್ಟ್ಸ್. ನೋಡೋಕೆ ಅಚ್ಚು ಹಾಕಿದ ಹಾಗೆ ಒಂದೇ ಥರ ಇರುತ್ತವೆ, ವಾಲ್ವ್ ತೂತಿಗೂ ಸರಿಯಾಗಿ ಕೂರುತ್ತವೆ. ಹಾಕಿ, ಗಾಳಿ ತುಂಬಿ, ಬ್ಯಾಲೆನ್ಸ್ ಮಾಡಿಸಿ, ಕೀ ತಿರುಗಿಸಿದರೆ ಮತ್ತೆ ಮಿಣುಕು. ಬೆಂಗಳೂರು ಸ್ಟೇಷನ್ ಇಟ್ಟುಕೊಂಡು ಧಾರವಾಡ ಆಕಾಶವಾಣಿಗೆ ಕಾದ ಹಾಗೆ. ಆನ್‌ಲೈನ್‌ನಲ್ಲಿ ಕೊಳ್ಳುವವರೂ ಈ ಸಂಖ್ಯೆಯನ್ನು ಮೊದಲು ನೋಡಿ.

ಹೊಸ ಸೆನ್ಸರ್ ಹಾಕಿಸುವಾಗ ಎರಡು ಸಣ್ಣ ವಿಷಯ. ಲೋಹದ ವಾಲ್ವ್‌ಗೆ ಪ್ಲಾಸ್ಟಿಕ್ ಮುಚ್ಚಳವೇ ಇರಲಿ. ಹೊಳೆಯುವ ಹಿತ್ತಾಳೆ ಮುಚ್ಚಳ ಹಾಕಿದರೆ ಅಲ್ಯೂಮಿನಿಯಂ ಜೊತೆ ಸೇರಿ, ನಿಮ್ಮೂರಿನ ಮಳೆಗೆ ಒಂದೆರಡು ವರ್ಷದಲ್ಲಿ ಕಚ್ಚಿಕೊಳ್ಳುತ್ತದೆ. ಕಟಿಂಗ್ ಪ್ಲೇಯರ್ ಹಾಕಿ ತಿರುಗಿಸಿದರೆ ವಾಲ್ವೇ ಕಿತ್ತು ಬರುತ್ತದೆ. ಆಮೇಲೆ ಪಂಚರ್ ಆದಾಗ ಟೈರ್ ಒಳಗೆ ಸುರಿಯುವ ಹಸಿರು ಅಂಟಿನ ದ್ರವ, ಅದನ್ನು ಸೆನ್ಸರ್ ಇರುವ ಚಕ್ರಕ್ಕೆ ಹಾಕಿಸಬೇಡಿ. ಸೆನ್ಸರ್‌ನ ಸೂಜಿಮೊನೆಯಷ್ಟು ತೂತು ಮುಚ್ಚಿಹೋಗಬಹುದು.

ಗಾಳಿ ಹಾಕಿದ ಕೂಡಲೇ ದೀಪ ಆರಲಿಲ್ಲ ಅಂತ ಗಾಬರಿ ಬೀಳುವವರಿಗೂ ಒಂದು ಮಾತು. ಸೆಲ್ ಉಳಿಸಲು ಸೆನ್ಸರ್‌ಗಳು ಗಾಡಿ ನಿಂತಾಗ ನಿದ್ದೆ ಹೋಗುತ್ತವೆ. ಚಕ್ರ ತಿರುಗಿ, ಸುಮಾರು 25-30ರ ವೇಗ ಬಂದ ಮೇಲೆ ಎಚ್ಚರವಾಗುತ್ತವೆ. ಹತ್ತು ನಿಮಿಷ ಓಡಿಸಿ ನೋಡಿ, ಆಮೇಲೆ ಬೈಯಿರಿ.

ಇದೆಲ್ಲ ಟೈರ್ ಒಳಗೆ ಸೆನ್ಸರ್ ಇರುವ ಗಾಡಿಗಳ ಮಾತು. ಕ್ರೆಟಾ, ಸೆಲ್ಟೋಸ್‌ನಂಥ ಕಾರುಗಳ ಮೇಲಿನ ವೇರಿಯಂಟ್‌ಗಳಲ್ಲಿ ಪ್ರತಿ ಚಕ್ರದ ಸಂಖ್ಯೆ ಪರದೆಯಲ್ಲಿ ಕಾಣುತ್ತದಲ್ಲ, ಅವೂ ಈ ಜಾತಿಯವು. ಕುಶಾಕ್, ಟೈಗುನ್ ತರದ ಕಾರುಗಳಲ್ಲಿ ಟೈರ್ ಒಳಗೆ ಏನೂ ಇರಲ್ಲ. ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ಎಬಿಎಸ್‌ಗೆ ಅಂತ ಇರುವ ಸೆನ್ಸರ್‌ಗಳೇ ಚಕ್ರ ಎಷ್ಟು ವೇಗವಾಗಿ ತಿರುಗುತ್ತಿದೆ ಅಂತ ನೋಡುತ್ತವೆ. ಗಾಳಿ ಇಳಿದ ಚಕ್ರದ ಸುತ್ತಳತೆ ಕೂದಲೆಳೆಯಷ್ಟು ಕಡಿಮೆಯಾಗಿ, ಅದು ಉಳಿದವಕ್ಕಿಂತ ಚೂರು ಬೇಗ ತಿರುಗುತ್ತದೆ. ಅದನ್ನು ಹಿಡಿದು ದೀಪ ಹಚ್ಚುತ್ತದೆ. ಈ ಗಾಡಿಗಳಲ್ಲಿ ಗಾಳಿ ಸರಿ ಮಾಡಿದ ಮೇಲೆ ಬಟನ್ ಒತ್ತಿಯೋ ಪರದೆಯ ಮೆನುವಿನಲ್ಲೋ ರಿಸೆಟ್ ಮಾಡಬೇಕು. ಮಾಡದಿದ್ದರೆ ದೀಪ ಹಾಗೇ ಉಳಿಯುತ್ತದೆ.

ಇಲ್ಲೇ ಜನ ಎಡವುವುದು. ದೀಪ ಹತ್ತಿತು, ಗಾಳಿ ನೋಡದೆ ರಿಸೆಟ್ ಒತ್ತಿದರು, ದೀಪ ಆರಿತು, ಖುಷಿ. ಆದರೆ ರಿಸೆಟ್ ಅಂದರೆ ಈಗ ಇರುವುದೇ ಸರಿ, ಇದನ್ನೇ ನೆನಪಿಟ್ಟುಕೋ ಅಂತ ಗಾಡಿಗೆ ಹೇಳಿದ ಹಾಗೆ. 24 ಇದ್ದಾಗ ಒತ್ತಿದರೆ ಅದಕ್ಕೆ 24 ಅನ್ನೋದೇ ಸರಿ. ಇನ್ನೂ ಇಳಿದು ಟೈರ್ ಚಪ್ಪಟೆ ಆಗುವ ತನಕ ಮತ್ತೆ ಬಾಯಿ ಬಿಡಲ್ಲ. ನಾಲ್ಕೂ ಟೈರ್ ಒಟ್ಟಿಗೆ ನಿಧಾನವಾಗಿ ಇಳಿದರೂ ಈ ಬಗೆಯ ಹಳೆಯ ವ್ಯವಸ್ಥೆಗೆ ಗೊತ್ತಾಗುವುದು ಕಷ್ಟ, ಹೋಲಿಸಿ ನೋಡಲು ಸರಿ ಇರುವ ಚಕ್ರವೇ ಇರಲ್ಲವಲ್ಲ.

ಸ್ಟೆಪ್ನಿ ಹಾಕಿದಾಗಲೂ ಎರಡೂ ಬಗೆಯಲ್ಲಿ ದೀಪ ಬರಬಹುದು. ನಮ್ಮಲ್ಲಿ ಎಷ್ಟೋ ಗಾಡಿಗಳ ಸ್ಟೆಪ್ನಿಗೆ ಸೆನ್ಸರ್ ಇರಲ್ಲ. ಸೈಜೂ ಸಣ್ಣದಿರುತ್ತದೆ. ಪಂಚರ್ ಹಾಕಿಸಿ ಅಸಲಿ ಚಕ್ರ ವಾಪಸ್ ಹಾಕಿದರೆ ಸರಿಯಾಗುತ್ತದೆ, ಎಬಿಎಸ್ ಬಗೆಯದಕ್ಕೆ ಮಾತ್ರ ರಿಸೆಟ್ ಕೂಡ ಮಾಡಬೇಕು. 2020ರ ಅಕ್ಟೋಬರ್‌ನಿಂದ ನಮ್ಮ ದೇಶದಲ್ಲಿ ಟ್ಯೂಬ್‌ಲೆಸ್ ಟೈರ್, ಈ ಗಾಳಿ ಅಳೆಯುವ ವ್ಯವಸ್ಥೆ ಮತ್ತು ಪಂಚರ್ ಕಿಟ್ ಇರುವ ಕಾರುಗಳಿಗೆ ಸ್ಟೆಪ್ನಿ ಕೊಡದೇ ಇರಬಹುದು ಅಂತ ನಿಯಮ ಬದಲಾಗಿದೆ. ಅಂಥ ಗಾಡಿ ಇದ್ದವರು ದೀಪಕ್ಕೆ ಟೇಪ್ ಅಂಟಿಸುವ ಮೊದಲು ಡಿಕ್ಕಿ ತೆಗೆದು ನೋಡಿ.

ನಿಮ್ಮಲ್ಲಿ ಲೀಕ್ ಇಲ್ಲ, ಸರಿ. ಆದರೆ ಇದನ್ನು ಓದುವ ಬೇರೆ ಯಾರಿಗಾದರೂ ಒಂದೇ ಚಕ್ರ ವಾರಕ್ಕೆ ನಾಲ್ಕೈದು ಇಳಿಯುತ್ತಿದ್ದರೆ ಅದು ಚಳಿಯಲ್ಲ, ಸೋರಿಕೆ. ಮೊದಲು ವಾಲ್ವ್ ನೋಡಿ. ಪಂಚರ್ ಅಂಗಡಿಯವರು ಬೆರಳಿಗೆ ಎಂಜಲು ಮಾಡಿ ವಾಲ್ವ್ ಬಾಯಿಗೆ ಸವರುತ್ತಾರಲ್ಲ, ಗುಳ್ಳೆ ಎದ್ದರೆ ಒಳಗಿನ ಪಿನ್ ಹೋಗಿದೆ. ಶಾಂಪೂ ಬೆರೆಸಿದ ನೀರಾದರೆ ಇನ್ನೂ ಚೆನ್ನ. ಆಮೇಲೆ ಟೈರ್ ಮೈ, ಕೊನೆಗೆ ಟೈರ್ ಮತ್ತು ರಿಮ್ ಕೂಡುವ ಅಂಚು. ಗುಂಡಿಗೆ ಬಿದ್ದು ಅಲಾಯ್ ರಿಮ್ ಚೂರು ಬಾಗಿದ್ದರೂ, ಅಂಚಿನಲ್ಲಿ ಪೇಂಟ್ ಎದ್ದು ಬೂದಿಯ ಹಾಗೆ ಆಗಿದ್ದರೂ ಅಲ್ಲಿಂದ ಸೋರುತ್ತದೆ. ತೊಟ್ಟಿಯಲ್ಲಿ ಬೇಗ ಬೇಗ ತಿರುಗಿಸಿದರೆ ಇದು ಕಾಣಲ್ಲ. ಅಂಚಿಗೆ ಸೋಪಿನ ನೀರು ಹಾಕಿ ಎರಡು ನಿಮಿಷ ಸುಮ್ಮನೆ ನೋಡುತ್ತಾ ಕೂರಬೇಕು.

ಈಗ ಧರ್ಮಸ್ಥಳ. ಧಾರಾಳವಾಗಿ ಹೋಗಿ ಬನ್ನಿ. ಅಷ್ಟರಲ್ಲಿ ಸೆನ್ಸರ್ ಸಿಗದಿದ್ದರೂ ಪರವಾಗಿಲ್ಲ, ದೀಪದ ಕೆಲಸವನ್ನು ನಿಮ್ಮ ಗೇಜ್ ಮಾಡಲಿ. ಹೊರಡುವ ದಿನ ಬೆಳಗ್ಗೆ ನಾಲ್ಕೂ ಚಕ್ರ ಮತ್ತು ಸ್ಟೆಪ್ನಿ ಅಳೆಯಿರಿ. ಮನೆಯವರೆಲ್ಲ ಹೋಗುತ್ತೀರಿ ಅಂದಿರಿ, ಹಾಗಾಗಿ ಸ್ಟಿಕ್ಕರ್‌ನಲ್ಲಿ ತುಂಬಿದ ಗಾಡಿಗೆ ಎಷ್ಟು ಬರೆದಿದೆಯೋ ಅಷ್ಟು ಹಾಕಿ. ಹಿಂದಿನ ಚಕ್ರಕ್ಕೆ ಸ್ವಲ್ಪ ಜಾಸ್ತಿ ಇರುತ್ತದೆ. ಕೊಟ್ಟಿಗೆಹಾರದಲ್ಲಿ ಕಾಫಿಗೆ ನಿಂತಾಗ ಚಕ್ರಗಳ ಸುತ್ತ ಒಂದು ಸುತ್ತು ಹಾಕಿ, ಒಂದೊಂದಕ್ಕೂ ಅಂಗೈ ಮುಟ್ಟಿಸಿ ನೋಡಿ. ಒಂದು ಮಾತ್ರ ಉಳಿದವಕ್ಕಿಂತ ಕಣ್ಣಿಗೆ ಬೀಳುವಷ್ಟು ಬಿಸಿ ಇದ್ದರೆ ಘಾಟಿ ಇಳಿಯುವ ಮೊದಲು ಗೇಜ್ ಹಿಡಿಯಿರಿ.

ಧರ್ಮಸ್ಥಳದಲ್ಲಿ ತಂಗಿ ಮಾರನೇ ಬೆಳಗ್ಗೆ ಅಳೆದರೆ ಚಿಕ್ಕಮಗಳೂರಲ್ಲಿ ಹಾಕಿದ್ದಕ್ಕಿಂತ ಅರ್ಧ, ಒಂದು ಪಿಎಸ್‌ಐ ಕಡಿಮೆ ತೋರಿಸಬಹುದು. ನಿಮ್ಮೂರು ಸಮುದ್ರಮಟ್ಟದಿಂದ ಸಾವಿರ ಮೀಟರ್‌ಗಿಂತ ಮೇಲಿದೆ. ಚಾರ್ಮಾಡಿ ಇಳಿದರೆ ಹೊರಗಿನ ಗಾಳಿಯ ಒತ್ತಡ ಹೆಚ್ಚಾಗುತ್ತದೆ. ಗೇಜ್ ತೋರಿಸುವುದು ಒಳಗಿನ ಒತ್ತಡಕ್ಕೂ ಹೊರಗಿನದಕ್ಕೂ ಇರುವ ವ್ಯತ್ಯಾಸ ಆದ್ದರಿಂದ ಅದು ಒಂದೂವರೆ ಇಳಿದ ಹಾಗೆ ಕಾಣುತ್ತದೆ. ಕೆಳಗಿನ ಸೆಕೆಗೆ ಒಂದು ವಾಪಸ್ ಬರುತ್ತದೆ. ಪಂಚರ್ ಅಂಗಡಿ ಹುಡುಕಬೇಡಿ, ಮೊದಲು ದರ್ಶನ ಮುಗಿಸಿಕೊಳ್ಳಿ.